ಹಳೆ ಮನೆಗೆ ಹತ್ತು ಕೈ



ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋಗುವ ದಾರಿಯುದ್ದಕ್ಕೂ ಊರುಗಳಿವೆ. ಯಾವ ಊರಿಗೆ ಹೋದರೂ ಬೀಗ ಜಡಿದ ಹಳೆಯ ಮನೆ ಒಂದೆರಡಾದರೂ ಕಾಣುತ್ತವೆ. ದಪ್ಪ ಮಣ್ಣಿನ ಗೋಡೆ, ಮುಂದೆ ಜಗುಲಿ, ಒಳಗೆ ಕಂಬಗಳ ಹಜಾರ. ಕೆಲವಕ್ಕೆ ನಡುವೆ ತೊಟ್ಟಿ, ಮೇಲೆ ಹೆಂಚು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಿರಿಯರು ಹೋದ ಮೇಲೆ ಒಲೆ ಹಚ್ಚುವವರಿಲ್ಲ. ಒಂದೆರಡು ಮಳೆಗಾಲ ಕಳೆದರೆ ಹೆಂಚು ಜಾರುತ್ತದೆ. ಇನ್ನೂ ಕೆಲವು ಕಳೆದರೆ ಗೋಡೆ ಕುಸಿಯುತ್ತದೆ. ಆಮೇಲೆ ಜೆಸಿಬಿ ಬರುತ್ತದೆ.

ಜೆಸಿಬಿ ಬರುವ ಮೊದಲು ನಾವೇನು ಮಾಡಬಹುದು? ಇವತ್ತಿನ ಮಾತು ಅದರ ಮೇಲೆ. ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಮನೆ ಉಳಿಸಿಕೊಳ್ಳಲು ದೊಡ್ಡ ಸಾಹುಕಾರರೇ ಆಗಬೇಕಿಲ್ಲ. ಮನೆಯವರ ಕೈ, ಗೆಳೆಯರ ಕೈ, ಕಸುಬಿನವರ ಕೈ ಕೂಡಬೇಕು. ಯಾವ ಕೆಲಸ ಯಾರದು ಎಂದು ತಿಳಿದು ಹಂಚಿಕೊಳ್ಳಬೇಕು. ಅಷ್ಟಾದರೆ ಮಣ್ಣಿನ ಮನೆ ಇನ್ನೂ ಒಂದೆರಡು ತಲೆಮಾರು ನಿಲ್ಲುತ್ತದೆ. ನಮ್ಮ ಹಿರಿಯರ ಮನೆಯನ್ನು ಸರಿ ಮಾಡಿಸುವಾಗ ಕಂಡದ್ದನ್ನೂ ಕಸುಬಿನವರಿಂದ ಕಲಿತದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೀವೆಲ್ಲ ನೋಡಿದ್ದೀರಿ. 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ಅದರ ಪ್ರತಿಷ್ಠೆಯಾಯಿತು. ಈಗ 900 ವರ್ಷ ದಾಟಿದೆ. ಕಟ್ಟಿ ಬಿಟ್ಟದ್ದು ಹಾಗೆಯೇ ಇಷ್ಟು ಕಾಲ ನಿಂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆ ಗುಡಿಯ ಕೆಲಸ ಒಂದು ಕಾಲಕ್ಕೆ ಮುಗಿದದ್ದೇ ಇಲ್ಲ. ಇಮ್ಮಡಿ ಬಲ್ಲಾಳನ ಕಾಲದಲ್ಲಿ ತೆರೆದ ನವರಂಗಕ್ಕೆ ಕಲ್ಲಿನ ಜಾಲಂಧ್ರಗಳು ಬಂದವು. ವಿಜಯನಗರದ ಇಮ್ಮಡಿ ಹರಿಹರನ ಆಳ್ವಿಕೆಯಲ್ಲಿ, 1381ರಲ್ಲಿ, ನಾಲ್ಕು ಗ್ರಾನೈಟ್ ಕಂಬಗಳನ್ನು ಕೊಟ್ಟರು. ಗುಡಿ ಬಳಪದ ಕಲ್ಲಿನದು, ಕೊಟ್ಟ ಕಂಬ ಬೇರೆ ಕಲ್ಲಿನದು. ಭಾರ ಹೊರಬೇಕಿತ್ತು, ಹೊತ್ತವು. 1397ರಲ್ಲಿ ಗುಂಡ ದಂಡನಾಯಕ ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ಮತ್ತೆ ಎಬ್ಬಿಸಿದ. ಅದು ಇಟ್ಟಿಗೆ ಮತ್ತು ಗಾರೆಯ ಕೆಲಸ.

ರಾಜರು ಕಟ್ಟಿದ ಕಲ್ಲಿನ ಗುಡಿಗೇ ಮತ್ತೆ ಮತ್ತೆ ಕೈಯಾಡಿಸಬೇಕಾಯಿತು. ಮಣ್ಣಿನ ಮನೆಗೆ ಬೇಡವೇ? ನಮ್ಮ ಹಿರಿಯರು ಅದನ್ನು ತಿಳಿದಿದ್ದರು. ಪ್ರತಿ ಬೇಸಿಗೆ ಹೆಂಚು ಕೈಯಾಡಿಸುತ್ತಿದ್ದರು. ಹಬ್ಬಕ್ಕೆ ಸುಣ್ಣ, ಕೆಮ್ಮಣ್ಣು ಬಳಿಯುತ್ತಿದ್ದರು. ನೆಲ ಸಾರಿಸುತ್ತಿದ್ದರು. ಆ ವಾಡಿಕೆ ನಿಂತುಹೋಯಿತು. ಅಂದಿನಿಂದ ಮನೆಗಳು ಬೀಳತೊಡಗಿದವು.

ಈಗ ಕೆಲಸಕ್ಕೆ ಬರೋಣ. ಮೊದಲನೆಯ ಕೆಲಸ ಕಾಗದದ್ದು. ಇದು ಪೂರ್ತಿ ಮನೆಯವರ ಕೈಯದು.

ಹಳೆಯ ಮನೆ ಎಂದರೆ ಸಾಮಾನ್ಯವಾಗಿ ಪಾಲಾಗದ ಮನೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಚಿಕ್ಕಪ್ಪನ ಮಕ್ಕಳು, ಎಲ್ಲರಿಗೂ ಅದರಲ್ಲಿ ಹಕ್ಕಿದೆ. ಒಬ್ಬರು ದುಡ್ಡು ಹಾಕಿ ಸರಿ ಮಾಡಿಸಿದ ಮೇಲೆ ಇನ್ನೊಬ್ಬರು ಪಾಲು ಕೇಳಿದರೆ ಮನಸ್ತಾಪ ಹುಟ್ಟುತ್ತದೆ. ಆದ್ದರಿಂದ ಮೊದಲು ಎಲ್ಲರನ್ನೂ ಒಂದು ದಿನ ಕೂರಿಸಿ. ಯಾರು ಎಷ್ಟು ಹಾಕುತ್ತಾರೆ, ಮುಂದೆ ಮನೆ ಯಾರ ಉಸ್ತುವಾರಿ, ಹಬ್ಬಕ್ಕೆ ಬಂದವರಿಗೆ ಯಾವ ಕೋಣೆ, ಇಷ್ಟನ್ನೂ ಬರೆದು ಸಹಿ ಹಾಕಿ. ಪಂಚಾಯಿತಿ ಖಾತೆ, ಇ-ಸ್ವತ್ತು ಯಾರ ಹೆಸರಿನಲ್ಲಿದೆ ಎಂದೂ ನೋಡಿಕೊಳ್ಳಿ.

ಗುಡಿಯ ಆಸುಪಾಸಿನಲ್ಲಿ ಮನೆಯಿರುವವರಿಗೆ ಇನ್ನೊಂದು ಮಾತಿದೆ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇವಾಲಯ ಮೂರೂ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳು. ಬೇಲೂರು, ಹಳೇಬೀಡಿನ ಗುಡಿಗಳು ಸೋಮನಾಥಪುರದ ಜೊತೆ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. 2010ರಲ್ಲಿ ತಿದ್ದುಪಡಿಯಾದ ಸ್ಮಾರಕಗಳ ಕಾಯ್ದೆ ಹೀಗೆ ಹೇಳುತ್ತದೆ. ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಏನೇ ಕಟ್ಟಿದರೂ ಅನುಮತಿ ಬೇಕು.

ಇದನ್ನು ಕೇಳಿ ಬಹಳ ಜನ ಹೆದರುತ್ತಾರೆ. ಮನೆಯನ್ನು ಮುಟ್ಟುವ ಹಾಗೇ ಇಲ್ಲ ಎಂದು ಸುಮ್ಮನಾಗುತ್ತಾರೆ. ಹಾಗೇನಿಲ್ಲ. 1992ರ ಜೂನ್ 16ಕ್ಕೆ ಮೊದಲು ಇದ್ದ ಮನೆಯಾದರೆ 100 ಮೀಟರ್ ಒಳಗಿದ್ದರೂ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗುತ್ತದೆ, ಅಲ್ಲಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಅಂದರೆ ಅಲ್ಲಿ ಹಳೆಯ ಮನೆ ಕೆಡವಿದರೆ ಆ ಜಾಗದಲ್ಲಿ ಹೊಸದು ಎಬ್ಬಿಸುವುದು ಕಷ್ಟ. ಇರುವುದನ್ನು ಸರಿ ಮಾಡಿಕೊಳ್ಳಲು ಮಾತ್ರ ದಾರಿಯಿದೆ. ಗುಡಿಯ ಹತ್ತಿರದವರಿಗೆ ದುರಸ್ತಿಯೇ ಲಾಭದ ದಾರಿ.

ಹಳೇಬೀಡಿನವರು ಇನ್ನೊಂದನ್ನು ನೆನಪಿಡಬೇಕು. ಅದು ಹೊಯ್ಸಳರ ರಾಜಧಾನಿಯಾಗಿದ್ದ ನೆಲ. ಪಾಯ ಬಿಡಿಸುವಾಗ ಕೆತ್ತಿದ ಕಲ್ಲು, ಶಾಸನ, ಮೂರ್ತಿ ಸಿಕ್ಕರೆ ಕೆಲಸ ನಿಲ್ಲಿಸಿ. ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಅದನ್ನು ಮೆಟ್ಟಿಲಿಗೆ ಹಾಕಿಕೊಳ್ಳುವುದು ತಪ್ಪು.

ಇಷ್ಟು ಹೇಳಿದೆ. ಮನೆಯವರು ಮೊದಲು ಒಂದು ಮಾತಿಗೆ ಬರಬೇಕು, ಅನುಮತಿ ಬೇಕಿದ್ದರೆ ಪಡೆಯಬೇಕು. ಇನ್ನು ಮೇಲಿನಿಂದ ಕೆಳಕ್ಕೆ ಬರೋಣ. ಮೊದಲು ಸೂರು.

ಮಣ್ಣಿನ ಮನೆಗೆ ದೊಡ್ಡ ಶತ್ರು ನೀರು. ತಲೆಯ ಮೇಲೆ ಸೋರದಿದ್ದರೆ, ಬುಡದಲ್ಲಿ ನೀರು ನಿಲ್ಲದಿದ್ದರೆ ಮಣ್ಣಿನ ಗೋಡೆ ನೂರು ವರ್ಷ ಬಾಳುತ್ತದೆ. ಸೋರಿದರೆ ಕೆಲವೇ ವರ್ಷದಲ್ಲಿ ಕರಗುತ್ತದೆ. ಆದ್ದರಿಂದ ಕೈಯಲ್ಲಿ ಇರುವ ದುಡ್ಡು ಸ್ವಲ್ಪವೇ ಆದರೆ ಅಷ್ಟನ್ನೂ ಸೂರಿಗೆ ಹಾಕಿ. ಬಣ್ಣ, ನೆಲ, ಬಾಗಿಲು ಆಮೇಲೆ ಆಗಲಿ.

ಕೆಲಸದ ಕಾಲ ಯಾವುದು? ದೀಪಾವಳಿ ಕಳೆದು ಹಿಂಗಾರು ತಗ್ಗಿದ ಮೇಲೆ ಶುರು ಮಾಡಿ. ಭರಣಿ ಮಳೆ ಬೀಳುವ ಹೊತ್ತಿಗೆ ಹೆಂಚು ಕೂತಿರಬೇಕು. ಬೇಲೂರಿನ ಕಡೆ ಮಲೆನಾಡಿನ ಮುಂಗಾರು ಜೋರು. ಅಲ್ಲಿ ಸೂರಿನ ಅಂಚು ಗೋಡೆಯಿಂದ ಚೆನ್ನಾಗಿ ಹೊರಚಾಚಿರಬೇಕು. ಅರಸೀಕೆರೆಯ ಕಡೆ ಒಟ್ಟು ಮಳೆ ಕಡಿಮೆ. ಬಂದರೆ ಗುಡುಗು ಗಾಳಿಯ ಜೊತೆ ಒಮ್ಮೆಗೇ ಸುರಿಯುತ್ತದೆ. ಅಲ್ಲಿ ಹೆಂಚು ಗಾಳಿಗೆ ಏಳದಂತೆ ಅಂಚಿನ ಸಾಲನ್ನು ಬಿಗಿ ಮಾಡಬೇಕು.

ನಮ್ಮ ಕಡೆಯ ಹಳೆಯ ಮನೆಗಳ ಮೇಲೆ ಎರಡು ಬಗೆಯ ಹೆಂಚುಗಳಿವೆ. ಒಂದು ಕುಂಬಾರರು ಮಾಡಿದ ನಾಡ ಹೆಂಚು, ಚಿಕ್ಕದು, ಬಾಗಿದ್ದು. ಇನ್ನೊಂದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ದೇಶಕ್ಕೆಲ್ಲ ಹೋಯಿತು, ನಮ್ಮ ಊರುಗಳಿಗೂ ಬಂತು. ನೂರು ಚದರ ಅಡಿ ಸೂರಿಗೆ ಸುಮಾರು 150 ಮಂಗಳೂರು ಹೆಂಚು ಬೇಕಾಗುತ್ತವೆ. ಹೊಸದನ್ನೇ ಕೊಳ್ಳಬೇಕೆಂದಿಲ್ಲ. ಹಳೆಯ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನ ಪಾತ್ರೆಯಂತೆ ಠಣ್ಣೆಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಬಿರುಕಿದೆ, ಪಕ್ಕಕ್ಕೆ ಇಡಿ. ಕೆಡವಿದ ಮನೆಗಳ ಗಟ್ಟಿ ಹೆಂಚು ಸುತ್ತಮುತ್ತ ಮಾರಾಟಕ್ಕೆ ಸಿಗುತ್ತವೆ.

ಇಲ್ಲಿ ಕೈ ಹಂಚಿಕೆ ಹೇಗೆ? ಮೇಲೆ ಹತ್ತುವುದು ಕಸುಬಿನವರ ಕೆಲಸ. ಹೆಂಚಿನ ಮೇಲೆ ಕಾಲಿಡದೆ ಜಂತೆಯ ಮೇಲೆ ಹೆಜ್ಜೆ ಇಡುವುದು ಅವರಿಗೆ ಗೊತ್ತು. ಗೆಳೆಯರು ಕೆಳಗೆ ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಲಿ. ಮನೆಯವರು ತಟ್ಟಿ ನೋಡಿ ಬೇರ್ಪಡಿಸಲಿ, ಹೆಂಗಸರು ಮಕ್ಕಳು ತೆಂಗಿನ ನಾರಿನಿಂದ ಉಜ್ಜಿ ಪಾಚಿ ತೆಗೆಯಲಿ. ಹತ್ತು ಜನ ಇದ್ದರೆ ಒಂದು ಅಂಕಣದ ಹೆಂಚು ಒಂದೇ ದಿನದಲ್ಲಿ ಇಳಿಯುತ್ತದೆ.

ತೊಟ್ಟಿ ಮನೆಯವರು ಒಳಮೂಲೆಗಳನ್ನು ನೋಡಿಕೊಳ್ಳಿ. ಎರಡು ಇಳಿಜಾರಿನ ನೀರು ಬಂದು ಕೂಡುವ ಜಾಗ ಅದು. ಅಲ್ಲಿನ ತಗಡು ತುಕ್ಕು ಹಿಡಿದು ತೂತು ಬಿದ್ದಿರುತ್ತದೆ. ಅದರ ಕೆಳಗಿನ ಮರ ಕೊಳೆತಿರುತ್ತದೆ. ಎಷ್ಟೋ ತೊಟ್ಟಿ ಮನೆಗಳು ಆ ಮೂಲೆಯಿಂದಲೇ ಬಿದ್ದಿವೆ. ಅಲ್ಲಿ ಒಳ್ಳೆಯ ತಗಡನ್ನು ಅಗಲವಾಗಿ ಹಾಕಿಸಿ. ಕತ್ತಲೆಯ ಕೋಣೆಗಳಿದ್ದರೆ ಇದೇ ಸಮಯದಲ್ಲಿ ಒಂದೆರಡು ಗಾಜಿನ ಹೆಂಚು ಕೂರಿಸಿ. ಕಡಿಮೆ ಖರ್ಚಿನಲ್ಲಿ ಬೆಳಕು ಬರುತ್ತದೆ.

ದನದ ಕೊಟ್ಟಿಗೆಗೆ ಹಿಂದೆ ಯಾರೋ ಹಾಕಿದ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವನ್ನು ಒಡೆದು ಪುಡಿ ಮಾಡಬೇಡಿ. ಅವುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಒದ್ದೆ ಮಾಡಿ, ಇಡಿಯಾಗಿ ಇಳಿಸಿ.

ಸೂರಿನ ಮಾತು ಮುಗಿಯಿತು. ಮೊದಲ ದುಡ್ಡು ಸೂರಿಗೆ, ಬೇಸಿಗೆಯೊಳಗೆ ಕೆಲಸ, ಒಳಮೂಲೆಯ ಮೇಲೆ ಕಣ್ಣು. ಈಗ ಸೂರನ್ನು ಹೊತ್ತ ಮರಕ್ಕೆ ಬರೋಣ.

ತೊಲೆ, ಜಂತೆ, ಕಂಬ, ಬಾಗಿಲುವಾಡ, ಇವೆಲ್ಲ ಹಳೆಯ ಮನೆಯ ಆಸ್ತಿ. ತೇಗ, ಹೊನ್ನೆ, ಹಲಸು, ಮತ್ತಿ, ಇಂತಹ ಮರವನ್ನು ಇವತ್ತು ಹೊಸದಾಗಿ ಕೊಳ್ಳಲು ಹೋದರೆ ಬೆಲೆ ಕೇಳಿಯೇ ಹಿಂದಿರುಗುತ್ತೀರಿ. ಅರಸೀಕೆರೆ ಕಡೆ ತೆಂಗಿನ ಮರದ ತೊಲೆಗಳೂ ಉಂಟು. ಬಲಿತ ಮರದ ಹೊರಭಾಗ ತೆಗೆದುಕೊಂಡಿದ್ದರೆ ಅವೂ ಗಟ್ಟಿ.

ಮರ ಎಲ್ಲಿ ಕೆಡುತ್ತದೆ? ತೊಲೆಯ ನಡುಭಾಗ ಸಾಮಾನ್ಯವಾಗಿ ಕೆಡುವುದಿಲ್ಲ. ಗೋಡೆಯೊಳಗೆ ಹುದುಗಿದ ತುದಿ ಕೆಡುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ, ಗೋಡೆಯ ತೇವ ಸೇರುತ್ತದೆ. ಕಂಬದ ಬುಡವೂ ಹಾಗೆಯೇ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಗಳನ್ನು ಚುಚ್ಚಿ ನೋಡಿ. ಒಳಕ್ಕೆ ಸಲೀಸಾಗಿ ಇಳಿದರೆ ಮರ ಹೋಗಿದೆ. ಗೋಡೆಯ ಮೇಲೆ ಮಣ್ಣಿನ ಸಣ್ಣ ಗೆರೆ ಹತ್ತಿದ್ದರೆ ಗೆದ್ದಲು ದಾರಿ ಮಾಡಿಕೊಂಡಿದೆ. ಈ ಪರೀಕ್ಷೆ ಮನೆಯವರೇ ಮಾಡಬಹುದು. ಕೋಣೆಗೊಂದು ಹಾಳೆ ಇಟ್ಟುಕೊಂಡು ಬರೆಯಿರಿ.

ಆದರೆ ತೊಲೆಗೆ ಕೈ ಹಾಕುವುದು ಮರಗೆಲಸದ ಆಚಾರ್ರ ಕೆಲಸ. ತುದಿ ಮಾತ್ರ ಕೆಟ್ಟಿದ್ದರೆ ಇಡೀ ತೊಲೆ ತೆಗೆಯಬೇಕಿಲ್ಲ. ಕೆಟ್ಟ ಭಾಗ ಕೊಯ್ದು ಅದೇ ಜಾತಿಯ ಮರವನ್ನು ಕಚ್ಚು ಕೊಟ್ಟು ಜೋಡಿಸಿ ಬೋಲ್ಟು ಹಾಕುತ್ತಾರೆ. ಅದಕ್ಕೆ ಮೊದಲು ಮೇಲಿನ ಭಾರ ಇಳಿಸಬೇಕು. ಸೆಂಟ್ರಿಂಗ್ ಕೆಲಸದವರ ಹತ್ತಿರ ಜಾಕಿ ಬಾಡಿಗೆಗೆ ಸಿಗುತ್ತದೆ. ತೊಲೆಯ ಎರಡೂ ಕಡೆ ಜಾಕಿ ಕೊಡದೆ ಕಂಬ ಅಲುಗಾಡಿಸಬೇಡಿ. ಗೆಳೆಯರ ಉತ್ಸಾಹ ದೊಡ್ಡದು. ಆದರೆ ಭಾರ ಹೊತ್ತ ಮರದ ಹತ್ತಿರ ಉತ್ಸಾಹ ಸಾಲದು, ಅನುಭವ ಬೇಕು. ಅಲ್ಲಿ ಆಚಾರ್ರು ಹೇಳಿದಂತೆ ನಡೆಯಿರಿ.

ಗೆಳೆಯರಿಗೆ ಮರದ ಇನ್ನೊಂದು ಕೆಲಸವಿದೆ. ಹಳೆಯ ಬಾಗಿಲು, ಕಿಟಕಿ, ಬೋದಿಗೆಗಳ ಮೇಲೆ ವರ್ಷಾನುಗಟ್ಟಲೆ ಬಳಿದ ಪೇಂಟಿನ ಪದರಗಳಿರುತ್ತವೆ. ಅದನ್ನು ಕೆರೆದು ತೆಗೆಯುವುದು ತಾಳ್ಮೆಯ ಕೆಲಸ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಒದ್ದೆ ಮಾಡಿ ಕೆರೆಯಿರಿ. ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಕೆರೆದ ಮೇಲೆ ಗೇರು ಎಣ್ಣೆ ಹಚ್ಚುವುದು ಮಲೆನಾಡು, ಕರಾವಳಿಯ ಹಳೆಯ ರೂಢಿ. ಗೋಡೆಗೆ ಸೇರುವ ತುದಿಗಳಿಗೆ ಅದು ಬಹಳ ಉಪಯೋಗ.

ಮರದ ಮಾತಿನಲ್ಲಿ ಒಬ್ಬರನ್ನು ನೆನೆಯಲೇಬೇಕು. ಮಣಿಪಾಲದ ವಿಜಯನಾಥ ಶೆಣೈ. 2017ರಲ್ಲಿ ತೀರಿಕೊಂಡರು. ಅವರು ಬ್ಯಾಂಕಿನ ಉದ್ಯೋಗದಲ್ಲಿದ್ದವರು, ಎಂಜಿನಿಯರಿಂಗ್ ಓದಿದವರಲ್ಲ. ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ತಂದು, ಊರಿನ ಬಡಗಿಗಳ ಕೈಯಿಂದ ತಮ್ಮದೇ ಮನೆ ಕಟ್ಟಿಕೊಂಡರು. ಹೆಸರು ಹಸ್ತಶಿಲ್ಪ. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಅದು ಪರಂಪರೆಯ ಗ್ರಾಮವಾಗಿ ಇವತ್ತು ನೋಡಲು ಸಿಗುತ್ತದೆ. ಬಡಗಿಗೆ ಗುರುತು ಹಾಕಿ ಬಿಚ್ಚುವುದೂ ಗೊತ್ತು, ಅದೇ ಗುರುತಿನಲ್ಲಿ ಜೋಡಿಸುವುದೂ ಗೊತ್ತು. ಆ ಜ್ಞಾನವನ್ನು ನಂಬಿದ್ದರಿಂದ ಅಷ್ಟು ಮನೆಗಳು ಉಳಿದವು.

ಇಲ್ಲಿಯವರೆಗೆ ಕಾಗದ, ಸೂರು, ಮರ ಆಯಿತು. ಮನೆಯವರು ಪರೀಕ್ಷೆ ಮಾಡಿ ಬರೆದುಕೊಳ್ಳುತ್ತಾರೆ, ಗೆಳೆಯರು ಸಾಗಿಸುತ್ತಾರೆ, ಉಜ್ಜುತ್ತಾರೆ, ಕೆರೆಯುತ್ತಾರೆ, ಕಸುಬಿನವರು ಭಾರದ ಕೆಲಸ ನೋಡುತ್ತಾರೆ. ಈಗ ಗೋಡೆ. ಬಹಳ ಮನೆಗಳು ಹಾಳಾಗುವುದು ಗೋಡೆಯ ರಿಪೇರಿಯಿಂದಲೇ.

ನಮ್ಮ ಹಳೆಯ ಗೋಡೆಗಳು ಒಂದೂವರೆಯಿಂದ ಎರಡು ಅಡಿ ದಪ್ಪ. ಕೆಸರು ಮಣ್ಣಿನ ಗೋಡೆ, ಇಲ್ಲವೇ ಹಸಿ ಇಟ್ಟಿಗೆಯ ಗೋಡೆ. ಬೇಸಿಗೆಯಲ್ಲಿ ಒಳಗೆ ತಂಪು. ಈ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆಯುತ್ತದೆ, ಬಿಸಿಲು ಬಂದಾಗ ಹೊರಕ್ಕೆ ಬಿಡುತ್ತದೆ. ಇದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಏನಾಗುತ್ತದೆ? ತೇವ ಹೊರಹೋಗುವ ದಾರಿ ಮುಚ್ಚುತ್ತದೆ. ಒಳಗಿನ ಮಣ್ಣು ಮೆತ್ತಗಾಗುತ್ತದೆ. ಸಿಮೆಂಟ್ ಗಡುಸು, ಮಣ್ಣು ಮೆದು. ಎರಡೂ ಒಂದೇ ರೀತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಬಿರುಕು ಬಿಡುತ್ತದೆ. ಬಿರುಕಿನಿಂದ ಮಳೆ ನೀರು ಒಳಗಿಳಿಯುತ್ತದೆ. ಒಂದು ದಿನ ಸಿಮೆಂಟಿನ ಪದರ ಮಣ್ಣನ್ನೂ ಕಿತ್ತುಕೊಂಡು ಹಪ್ಪಳದಂತೆ ಬೀಳುತ್ತದೆ. ಆಗ ಮಣ್ಣಿನ ಗೋಡೆ ಸರಿಯಿಲ್ಲ ಎನ್ನುತ್ತೇವೆ. ತಪ್ಪು ಗೋಡೆಯದಲ್ಲ, ಮೇಲೆ ಹಾಕಿದ್ದರದು.

ಮಣ್ಣಿನ ಗೋಡೆಗೆ ಮಣ್ಣೇ ಔಷಧ. ಬಿದ್ದ ಮಣ್ಣನ್ನು ಎಸೆಯಬೇಡಿ. ಅದೇ ಮಣ್ಣಿಗೆ ಹುಲ್ಲು ಸೇರಿಸಿ, ಸಗಣಿ ಸೇರಿಸಿ, ನೀರು ಹಾಕಿ ಹಲವು ದಿನ ಕೊಳೆಯಲು ಬಿಡಿ. ದಿನವೂ ತುಳಿಯಬೇಕು. ಈ ತುಳಿಯುವ ಕೆಲಸಕ್ಕೆ ಗೆಳೆಯರನ್ನು ಕರೆಯಿರಿ. ಮಣ್ಣು ಹೇಗಿದೆ ಎಂದು ತಿಳಿಯಬೇಕೆ? ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ಮೇಲೆ ನೀರು ತುಂಬಿ ಚೆನ್ನಾಗಿ ಕುಲುಕಿ ಇಡಿ. ಮರಳು ಮೊದಲು ತಳಕ್ಕೆ ಕೂರುತ್ತದೆ. ಅಂಟು ಮಣ್ಣು ಕೊನೆಗೆ ಕೂರುತ್ತದೆ. ಅಂಟು ಹೆಚ್ಚಿದ್ದರೆ ಒಣಗಿದಾಗ ಬಿರಿಯುತ್ತದೆ, ಮರಳು ಬೆರೆಸಿ. ಮರಳೇ ಹೆಚ್ಚಿದ್ದರೆ ಉದುರುತ್ತದೆ, ಕೆರೆ ಗೋಡು ಬೆರೆಸಿ.

ಮಣ್ಣಿನ ಮೆತ್ತು ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಹಿಂದೆ ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಇಟ್ಟಿಗೆ ಪುಡಿ ಸೇರಿಸಿದರೆ ತೇವದ ಜಾಗದಲ್ಲೂ ಗಟ್ಟಿಯಾಗುತ್ತದೆ. ಸುಣ್ಣ ಗಟ್ಟಿಯಾಗುವುದು ನಿಧಾನ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ. ಆದ್ದರಿಂದ ಅವಸರ ಮಾಡಬೇಡಿ. ತೆಳುವಾದ ಪದರ ಹಾಕಿ, ಕೆಲವು ದಿನ ನೀರು ಚಿಮುಕಿಸಿ, ಬಿಸಿಲಿಗೆ ಗೋಣಿ ಕಟ್ಟಿ, ಆಮೇಲೆ ಮುಂದಿನ ಪದರ.

ಸುಣ್ಣದ ಹರಳು ಅರಳಿಸುವಾಗ ಎಚ್ಚರ ಬೇಕು. ನೀರು ತಾಗಿದ ಕೂಡಲೇ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹರಳು ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ಮಕ್ಕಳನ್ನು ಹತ್ತಿರ ಬಿಡಬೇಡಿ. ಇದು ಗಾರೆ ಕೆಲಸದ ಹಿರಿಯರ ಕೈಯಲ್ಲಿ ಆಗಬೇಕಾದ್ದು. ಅವರು ಸಿಗದಿದ್ದರೆ ಅರಳಿಸಿದ ಸುಣ್ಣದ ಪುಡಿ ಚೀಲದಲ್ಲಿ ಸಿಗುತ್ತದೆ. ಅದನ್ನು ಕೆಲವು ದಿನ ನೀರಿನಲ್ಲಿ ನೆನೆಸಿಟ್ಟು ಬಳಸಿ.

ಗೋಡೆಯ ಒಂದು ಭಾಗ ಪೂರ್ತಿ ಬಿದ್ದುಹೋಗಿದ್ದರೆ? ಅದಕ್ಕೂ ನಮ್ಮ ರಾಜ್ಯದಲ್ಲೇ ಹುಟ್ಟಿದ ಉತ್ತರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆಸ್ಟ್ರಾ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಒದಗುವ ತಂತ್ರಜ್ಞಾನ ಅದರ ಗುರಿ. ಅಲ್ಲಿ ಕೆ. ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣನ್ನು ಒತ್ತಿ ಮಾಡುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಊರಿನ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ಮೂರು ವಾರ ನೀರು ಚಿಮುಕಿಸಿದರೆ ಸಾಕು. ಸುಡಬೇಕಿಲ್ಲ, ಸೌದೆ ಬೇಡ. ಯಂತ್ರ ಒಂದನ್ನು ತರಿಸಿಕೊಂಡರೆ ಗೆಳೆಯರೇ ಒತ್ತಬಹುದು. ಹಳೆಯ ಮಣ್ಣಿನ ಗೋಡೆಯ ಪಕ್ಕದಲ್ಲಿ ಈ ಇಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಗೋಡೆಯ ಬುಡವನ್ನು ಮರೆಯಬೇಡಿ. ರಸ್ತೆಗೆ ಕಾಂಕ್ರೀಟು ಹಾಕಿ ಹಾಕಿ ರಸ್ತೆಯೇ ಮನೆಗಿಂತ ಮೇಲೆ ಬಂದಿದೆ. ಬೀದಿಯ ನೀರು ಜಗುಲಿಗೆ ಬರುತ್ತದೆ. ಗೋಡೆಯ ಸುತ್ತ ಚರಂಡಿ ತೆಗೆದು ನೀರನ್ನು ಹಿತ್ತಲಿನ ತೆಂಗಿನ ಬುಡಕ್ಕೆ ತಿರುಗಿಸಿ. ಗುದ್ದಲಿ ಹಿಡಿಯಲು ಬರುವವರೆಲ್ಲ ಇದನ್ನು ಮಾಡಬಹುದು.

ಗೋಡೆಯ ಮಾತನ್ನು ಒಟ್ಟು ಮಾಡುತ್ತೇನೆ. ಮಣ್ಣಿಗೆ ಮಣ್ಣು, ಅದರ ಮೇಲೆ ಸುಣ್ಣ, ಬುಡದಲ್ಲಿ ಚರಂಡಿ, ಸಿಮೆಂಟಿನ ಹೊದಿಕೆ ಬೇಡ. ಇನ್ನು ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಹಳೆಯ ಮನೆಯ ವೈರಿಂಗಿಗೆ ಮನೆಯವರೂ ಗೆಳೆಯರೂ ಕೈ ಹಾಕಬಾರದು. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಅರ್ತಿಂಗ್ ಹೊಸದಾಗಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚನ್ನು ತಪ್ಪದೆ ಕೂರಿಸಿ. ಮಣ್ಣಿನ ಗೋಡೆ ಒದ್ದೆಯಿರುವಾಗ ಮೇನ್ ಆಫ್ ಆಗಿರಲಿ.

ಕೊನೆಯದಾಗಿ ಜನರ ಮಾತು. ಕಾಗದ, ಸೂರು, ಮರ, ಗೋಡೆ ನಾಲ್ಕಕ್ಕೂ ಜನ ಬೇಕು. ಆ ಜನರನ್ನು ಕೂಡಿಸುವುದು ಹೇಗೆ? ಕೂಡಿದವರನ್ನು ಉಳಿಸಿಕೊಳ್ಳುವುದು ಹೇಗೆ?

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ರಾಗಿ ಕುಯ್ಲಿಗೆ ನಾನು ನಿಮ್ಮ ಹೊಲಕ್ಕೆ ಬಂದರೆ ನೀವು ನಮ್ಮ ಹೊಲಕ್ಕೆ ಬರುತ್ತಿದ್ದಿರಿ. ದುಡ್ಡಿನ ಮಾತಿಲ್ಲ, ದಿನಕ್ಕೆ ದಿನ. ಮನೆ ಕೆಲಸಕ್ಕೂ ಅದೇ ನಡೆಯಲಿ. ಗೆಳೆಯರನ್ನು ಕರೆಯುವಾಗ ಅವರ ಮನೆಯ ಕೆಲಸಕ್ಕೆ ಹೋಗುವ ಮಾತು ಕೊಡಿ, ಕೊಟ್ಟ ಮಾತು ನಡೆಸಿ. ಬಂದವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ, ಸಾರು, ಮಜ್ಜಿಗೆ ಇರಲಿ. ಇವತ್ತಿನ ಕೆಲಸ ಇದು ಎಂದು ಬೆಳಗ್ಗೆಯೇ ಹೇಳಿ. ಕೆಲಸವಿಲ್ಲದೆ ನಿಂತ ಗೆಳೆಯ ಎರಡನೆಯ ದಿನ ಬರುವುದಿಲ್ಲ.

ಕಸುಬಿನವರ ವಿಷಯ ಬೇರೆ. ಅದು ಅವರ ಅನ್ನ. ಸಲುಗೆಯ ಹೆಸರಿನಲ್ಲಿ ಕೂಲಿ ಕಡಿಮೆ ಮಾಡಬೇಡಿ. ಹಳೆಯ ಮನೆಯ ಕೆಲಸವನ್ನು ಪೂರ್ತಿ ಗುತ್ತಿಗೆಗೆ ಕೊಡುವುದು ಇಬ್ಬರಿಗೂ ಒಳ್ಳೆಯದಲ್ಲ. ಗೋಡೆ ಕೆರೆದ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ದಿನಗೂಲಿಯ ಮೇಲೆ ಮಾಡಿಸಿ. ವಾರದ ಬಟವಾಡೆ ಸಂತೆಯ ಮುನ್ನಾದಿನವೇ ಆಗಲಿ. ಅಂದಾಜು ಮಾಡಿದ ಖರ್ಚಿನ ಮೇಲೆ ಕಾಲು ಭಾಗ ಬೇರೆ ಎತ್ತಿಡಿ. ಗಾರೆ ಕೆಲಸದಲ್ಲಿ ಮಣ್ಣು ಹೊರುವ, ಗಾರೆ ಕಲಸುವ, ನೆಲ ಸಾರಿಸುವ ಅಕ್ಕಂದಿರಿಗೆ ಗಂಡಾಳಿನಷ್ಟೇ ಕೂಲಿ ಕೊಡಿ. ಅವರ ಕೈ ಇಲ್ಲದೆ ಮಣ್ಣಿನ ಗೋಡೆಯೇ ಇಲ್ಲ.

ಒಂದು ಗೌರವವನ್ನೂ ಸಲ್ಲಿಸಿ. ಬೇಲೂರಿನ ಮದನಿಕೆಯರ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಬರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಆ ಬರಹವಿದ್ದುದರಿಂದಲೇ 900 ವರ್ಷದ ಮೇಲೂ ಅವರ ಹೆಸರು ನಮಗೆ ಗೊತ್ತು. ನಿಮ್ಮ ಮನೆಯ ಕೆಲಸ ಮುಗಿದ ದಿನ ಒಂದು ತೊಲೆಯ ಮೇಲೆ ಇಸವಿಯನ್ನೂ, ಕೆಲಸ ಮಾಡಿದ ಮೇಸ್ತ್ರಿ, ಆಚಾರ್ರು, ಆಳುಗಳ ಹೆಸರನ್ನೂ ಬರೆಸಿ. ಮುಂದಿನ ರಿಪೇರಿಗೆ ಯಾರನ್ನು ಕೇಳಬೇಕೆಂದು ನಿಮ್ಮ ಮಕ್ಕಳಿಗೆ ತಿಳಿಯುತ್ತದೆ.

ಈ ಹಂಚಿಕೆಯ ದಾರಿ ದೊಡ್ಡ ಕೆಲಸಗಳಲ್ಲೂ ನಡೆದಿದೆ. 1991ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ನಾಡಿನ ಹಲವಾರು ಹಳೆಯ ದೇವಾಲಯಗಳನ್ನು ಸರಿಪಡಿಸಿದೆ. ಖರ್ಚಿನಲ್ಲಿ ಸರ್ಕಾರದ್ದೊಂದು ಪಾಲು, ಟ್ರಸ್ಟಿನದೊಂದು ಪಾಲು, ಊರಿನವರದೊಂದು ಪಾಲು. ಊರು ಕೈ ಹಾಕಿದ ಗುಡಿಯನ್ನು ಊರೇ ನೋಡಿಕೊಳ್ಳುತ್ತದೆ. ಮನೆಗೂ ಅದೇ ಸರಿ.

ಕೇಳುಗರೇ, ನನ್ನ ಮಾತನ್ನು ಮುಗಿಸುತ್ತೇನೆ. ಸುಣ್ಣದ ಗಾರೆ ಬಲ್ಲ, ತೊಲೆಗೆ ಕಚ್ಚು ಕೊಡಬಲ್ಲ, ನಾಡ ಹೆಂಚು ಹೊದಿಸಬಲ್ಲ ಹಿರಿಯರು ನಮ್ಮ ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಕೆಲಸ ಸಿಗದೆ ಕೂತಿದ್ದಾರೆ. ಮನೆ ಬಿದ್ದರೆ ಮತ್ತೊಂದು ಕಟ್ಟಬಹುದು. ಆ ಕೈಗಳು ಹೋದರೆ ಕಲಿಸುವವರಿಲ್ಲ. ಈ ಬೇಸಿಗೆಯಲ್ಲಿ ಅವರನ್ನು ಹುಡುಕಿ ಕೆಲಸ ಕೊಡಿ. ಅವರ ಜೊತೆಗೆ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸೇರಿಸಿ, ಕಲಿಯುವವರಿಗೂ ಕೂಲಿ ಕೊಡಿ. ಇದು ನನ್ನ ಪ್ರಾರ್ಥನೆ.